ಟಗರಿಗೆ ಕಟ್ಟಿದ ಗೋಣಿತಟ್ಟು

ರಾಮವ್ವ ಸರಕಾರಿ ದವಾಖಾನೆಗೆ ಬಂದದ್ದು ಇದು ನಾಲ್ಕನೇ ಸಲ. ಬಸಿರು ತೆಗೆಸಲು ಮೊದಲ ಸಲ ಬಂದಾಗ ಎಂಟು ವಾರ ತುಂಬಿತ್ತು. ಈಗ ಹದಿಮೂರು ನಡೆದಿದೆ. ವಾರ ಏರಿದಷ್ಟೂ ತೆಗೆಸುವುದು ಕಷ್ಟ. ವಾರಗಳು ಯಾರ ಸಹಿಗೂ ಕಾಯುವುದಿಲ್ಲ.

ಎರಡನೇ ಮಗಳು ಹುಟ್ಟಿದಾಗ ಹೊಟ್ಟೆ ಕೊಯ್ದಿದ್ದರು. ರಕ್ತ ನಿಲ್ಲಲಿಲ್ಲ. ನಾಲ್ಕು ಬಾಟಲಿ ರಕ್ತ ಏರಿಸಿ, ಇನ್ನೊಂದು ಬಸಿರು ಜೀವಕ್ಕೆ ಅಪಾಯ ಎಂದು ಇದೇ ದವಾಖಾನೆಯವರು ಚೀಟಿ ಬರೆದುಕೊಟ್ಟಿದ್ದರು. ಹಾಕಿಸಿಕೊಂಡ ಕಾಪರ್-ಟಿ ಯಾವಾಗ ಜಾರಿತೋ ಅವಳಿಗೆ ತಿಳಿಯಲಿಲ್ಲ. ಚೀಟಿ ಮಾತ್ರ ಇನ್ನೂ ಉಡಿಯಲ್ಲಿತ್ತು.

ಗುಮಾಸ್ತ ಗುರುಲಿಂಗಪ್ಪ ಆ ಚೀಟಿಯನ್ನು ಒಮ್ಮೆಯೂ ಬಿಚ್ಚಿ ನೋಡಲಿಲ್ಲ. ಪ್ರತಿ ಸಲವೂ ಅದೇ ಮಾತು.

"ಗಂಡನ ಸಹಿ ತಗೊಂಡ ಬಾ."

"ಕುರಿ ಹಿಂಡಿನ ಸಂಗಾಟ ಹೋಗ್ಯಾನ್ರಿ."

"ಎರಡೂ ಹೆಣ್ಣ ಅದಾವು. ಮೂರನೇದ ತಗಸ್ತೇನಿ ಅಂತಿ. ಎಲ್ಲೋ ಕದ್ದ ಸ್ಕ್ಯಾನ್ ಮಾಡಿಸೀದಿ. ನಾಳೆ ಕೇಸ ಆದ್ರ ಜೇಲಿಗೆ ಯಾರ ಹೋಗೂದು?"

ಡಾಕ್ಟರರು ಒಳಗಿನಿಂದ ಕೇಳುತ್ತಿದ್ದರು. ಆಗದು ಎನ್ನಲಿಲ್ಲ, ಮಾಡುತ್ತೇನೆ ಎನ್ನಲೂ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದರೆ ಇಲ್ಲಿ ಸಾಯಲಿದ್ದದ್ದು ಹಾವಲ್ಲ, ಎರಡು ಮಕ್ಕಳ ತಾಯಿ.

ಹೋದ ವಾರ ರಾಮವ್ವ ಕೊಣ್ಣೂರಿನಲ್ಲಿ ಬಸ್ಸು ಹತ್ತಿ, ಸಂಕೇಶ್ವರದ ಆಚೆ ಗಂಡನನ್ನು ಹುಡುಕಿಕೊಂಡು ಹೋದಳು. ಕಬ್ಬು ಕಡಿದ ಹೊಲದಲ್ಲಿ ಹಿಂಡು ಕೂಡಿಸಿದ್ದ ಮಾಲಿಂಗಪ್ಪ ಟಗರಿನ ಹೊಟ್ಟೆಗೆ ಗೋಣಿತಟ್ಟು ಕಟ್ಟುತ್ತಿದ್ದ. ಹಿಂದಿನ ಸಲ ಈಯುವಾಗ ಸಾಯಬಡಿದು ಬದುಕಿದ ಕುರಿ ಹಿಂಡಿನಲ್ಲಿದ್ದರೆ ಕುರಿಗಾರರು ಹೀಗೇ ಮಾಡುತ್ತಾರೆ. ತಟ್ಟು ಅಡ್ಡವಿದ್ದರೆ ಕುರಿ ಗಬ್ಬವಾಗುವುದಿಲ್ಲ, ಜೀವ ಉಳಿಯುತ್ತದೆ.

ಅವಳು ಎಲ್ಲ ಹೇಳಿ ಸಹಿಯ ಕಾಗದ ಮುಂದೆ ಹಿಡಿದಳು. ಅವನು ಗಂಟು ಬಿಗಿಯುತ್ತಲೇ ಕೇಳಿದ.

"ಈ ಸಲ ಗಂಡ ಕೂಸ ಆದ್ರ?"

"ನಾ ಸತ್ರ?"

ಮಾಲಿಂಗಪ್ಪ ತಟ್ಟಿನ ಇನ್ನೊಂದು ತುದಿ ಎಳೆದು ಕಟ್ಟಿದ. ಕಾಗದ ಮುಟ್ಟಲಿಲ್ಲ.

ಇವತ್ತು ದವಾಖಾನೆಯ ಬಾಗಿಲಲ್ಲಿ ಆಶಾ ಕಾರ್ಯಕರ್ತೆ ಗೌರಕ್ಕ ಅವಳ ತೋಳು ಹಿಡಿದು ಮೆಲ್ಲಗೆ ಅಂದಳು: "ಕಾಯ್ದೆದಾಗ ಗಂಡನ ಸಹಿ ಎಲ್ಲೂ ಕೇಳಿಲ್ಲ, ರಾಮವ್ವ. ನಿಂದೊಂದ ಸಹಿ ಸಾಕು. ನಾ ಹೇಳೇನಂತ ಅನಬ್ಯಾಡ, ನನ್ನ ಕೆಲಸ ಹೋಗತೈತಿ. ನಿನ್ನ ಮ್ಯಾಲ ಕಣ್ಣ ಇಡಂತ ದವಾಖಾನಿಯವರ ನನಗ ಹೇಳ್ಯಾರ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ ದವಾಖಾನೆಯವರು ಐದು ವಾರ ನುಂಗಿದ್ದರು. ರಾಮವ್ವನಿಗೆ ಸಿಟ್ಟು ಬಂತು. ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಭಯಕ್ಕಿಂತ ದೊಡ್ಡ ಸಿಟ್ಟು. ನೇರ ಡಾಕ್ಟರರ ಮುಂದೆ ಹೋಗಿ ನಿಂತಳು.

"ಕಾಯ್ದೆದಾಗ ನನ್ನ ಸಹಿ ಸಾಕಂತ್ರಿ."

"ಯಾರ ಹೇಳಿದ್ರು?"

ರಾಮವ್ವ ಗೌರಕ್ಕನತ್ತ ತಿರುಗಲಿಲ್ಲ. "ಈಯೂ ಮುಂದ ಸಾಯಬಡದ ಕುರಿ ಇದ್ರ ಟಗರಿಗೆ ತಟ್ಟ ಕಟ್ಟತೇವ್ರಿ ನಾವು. ಕುರಿ ಮ್ಯಾಲ ಇದ್ದ ಕರುಣಾ ನನ್ನ ಮ್ಯಾಲ ಯಾರಿಗೂ ಇಲ್ಲ. ಆಗೂದಿಲ್ಲಂದ್ರ ಬರದ ಕೊಡ್ರಿ. ಈಕಿ ಸತ್ರ ನಾವ ಜವಾಬ್ದಾರಂತ ಬರೀರಿ."

ಡಾಕ್ಟರರ ಪೆನ್ನು ಮೇಜಿನ ಮೇಲೆ ಇತ್ತು. ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡರು.

"ಗುರುಲಿಂಗಪ್ಪ, ಪೊಲೀಸರಿಗೆ ಫೋನ್ ಹಚ್ಚು. ಸ್ಕ್ಯಾನ್ ಎಲ್ಲಿ ಮಾಡಿಸ್ಯಾಳಂತ ಅವರ ಕೇಳ್ತಾರ."

ರಾಮವ್ವ ಬಾಗಿಲಿಗೆ ಅಡ್ಡವಾಗಿ ಹೊಸ್ತಿಲ ಮೇಲೆ ಕುಳಿತಳು. ಸಾಲಿನಲ್ಲಿದ್ದ ಬಸುರಿಯರು ಮುಖ ಮುಖ ನೋಡಿಕೊಂಡರು. ಗೌರಕ್ಕ ಸ್ವಲ್ಪ ಹೊತ್ತು ಗೋಡೆಗೆ ಒರಗಿ ನಿಂತಿದ್ದಳು. ಆಮೇಲೆ ಬಂದು ರಾಮವ್ವನ ಪಕ್ಕ ಕುಳಿತಳು.

"ಹೇಳಿದಾಕಿ ನಾನ ರೀ," ಎಂದಳು.

ಸಾಲಿನಿಂದ ಒಬ್ಬಳು ಬಂದು ಕುಳಿತಳು. ಇನ್ನೊಬ್ಬಳು ಸೊಂಟ ಹಿಡಿದುಕೊಂಡು ಅವರ ಪಕ್ಕ ಕೂತಳು.

ಹೊರಗೆ ಪೊಲೀಸ್ ಜೀಪು ನಿಂತ ಸದ್ದಾಯಿತು. ಯಾರೂ ಏಳಲಿಲ್ಲ. ಹದಿಮೂರನೇ ವಾರ ಮುಗಿಯಲು ಇನ್ನು ಎರಡು ದಿನ ಇತ್ತು.