ಬೀಗರೂಟದ ದಿನ ಶಿವಣ್ಣನ ಬಂಧನ

‘ನಾಲೆ ವಾರ್ತೆ’ ಪತ್ರಿಕೆಗೆ ಐವತ್ತು ವರ್ಷ ತುಂಬಿತು. ಅದಕ್ಕೆ ಮಂಡ್ಯದಲ್ಲಿ ಸಮಾರಂಭ, ಹಳೇ ಹೆಡ್ಡಿಂಗುಗಳನ್ನು ಓದಿ ನಗುವ ಕಾರ್ಯಕ್ರಮ, ಜೊತೆಗೆ ನನ್ನ ಗಂಡ ಶಿವಣ್ಣನಿಗೆ ಸನ್ಮಾನ. ಮೊದಲ ಎರಡಕ್ಕೆ ನನ್ನ ತಕರಾರಿರಲಿಲ್ಲ. ಮೂರನೆಯದಕ್ಕೆ ಇತ್ತು.

ನಗಿಸುವುದರಲ್ಲಿ ಆ ಪತ್ರಿಕೆ ಯಾವತ್ತೂ ಹಿಂದೆ ಬಿದ್ದಿಲ್ಲ. ‘ಕಳುವಾಗಿದ್ದ ಎಮ್ಮೆ ತಾನೇ ವಾಪಸ್: ಪೊಲೀಸರಿಗೆ ಅಭಿನಂದನೆ’ ಎಂದು ಬರೆದವರು ಅವರೇ. ‘ಕೊಕ್ಕರೆ ಬೆಳ್ಳೂರಿಗೆ ಕೊಕ್ಕರೆಗಳ ಆಗಮನ, ಗಣ್ಯರು ಗೈರು’ ಎಂದವರೂ ಅವರೇ. ಅಂಗನವಾಡಿ ಟೀಚರಾಗಿದ್ದಾಗ ಮಕ್ಕಳನ್ನು ಮಲಗಿಸಿ, ಇವನ್ನು ಓದಿ ಒಬ್ಬಳೇ ನಕ್ಕಿದ್ದೇನೆ. ಆದರೆ 1994ರ ಒಂದು ಹೆಡ್ಡಿಂಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ: ‘ಬೆಸಗರಹಳ್ಳಿ ರಸ್ತೆ ತಡೆ: ಶಿವಣ್ಣ ಮತ್ತಿತರರ ಬಂಧನ.’

ಆ ಮತ್ತಿತರರು ನಾವು, ಹನ್ನೊಂದು ಹೆಂಗಸರು. ಶಿವಣ್ಣ ಅಲ್ಲಿ ಇರಲೇ ಇಲ್ಲ.

ನಮ್ಮೂರಿನ ಹೆಣ್ಣುಮಕ್ಕಳು ಮದ್ದೂರಿನ ಹೈಸ್ಕೂಲಿಗೆ ಹೋಗುತ್ತಿದ್ದ ಬೆಳಗಿನ ಬಸ್ಸು ನಿಂತುಹೋಗಿತ್ತು. ಗಂಡಸರು ಟೀ ಅಂಗಡಿಯಲ್ಲಿ ಕೂತು ‘ಮನವಿ ಕೊಡೋಣ’ ಎನ್ನುತ್ತಲೇ ಎರಡು ತಿಂಗಳು ಕಳೆದರು. ನಮಗೆ ಸಾಕಾಯಿತು. ನಾಳೆ ರಸ್ತೆ ತಡೆ ಎಂದು ಪತ್ರಿಕೆಗೆ ಫೋನ್ ಮಾಡಿದವಳು ನಾನೇ. ಆ ಕಡೆಯವನು, “ಯಜಮಾನರ ಹೆಸರು ಹೇಳಿ ತಾಯಿ” ಅಂದ. ಪೆದ್ದಿಯ ಹಾಗೆ ಹೇಳಿಬಿಟ್ಟೆ.

ಸಂಜೆ ಪತ್ರಿಕೆ ಅದು. ಮಧ್ಯಾಹ್ನ ಎರಡು ಗಂಟೆಯ ಮಳವಳ್ಳಿ ಬಸ್ಸಿಗೆ ಬಂಡಲ್ಲು ಹಾಕಬೇಕು. ಹಾಗಾಗಿ ಚಳವಳಿ ಸುದ್ದಿಯನ್ನು ಹಿಂದಿನ ದಿನವೇ ಅಚ್ಚಿಗೆ ಜೋಡಿಸಿ ಇಟ್ಟುಬಿಡುತ್ತಿದ್ದರು. ನಮ್ಮ ಜಿಲ್ಲೆಯಲ್ಲಿ ರಸ್ತೆ ತಡೆ ಅಂತ ಹೇಳಿ ಮಾಡದವರೂ ಇಲ್ಲ, ಮಾಡಿ ಅರೆಸ್ಟಾಗದವರೂ ಇಲ್ಲವಲ್ಲ, ಆ ಧೈರ್ಯ ಅವರಿಗೆ.

ಮಾರನೇ ದಿನ ಪುಟ್ಟಮಾದಮ್ಮ ತಲೆ ಮೇಲಿನ ಹುಲ್ಲಿನ ಹೊರೆಯನ್ನು ನಡುರಸ್ತೆಗೆ ಎಸೆದು ಅದರ ಮೇಲೆ ಕೂತಳು. “ಬಸ್ಸು ಬರಗಂಟ ನಾನು ಏಳಾಕಿಲ್ಲ” ಅಂದಳು. ಅವಳ ಹಿಂದೆ ನಾವು ಹತ್ತು ಜನ ಕೂತೆವು. ಪೊಲೀಸರು ವ್ಯಾನಿಗೆ ಹತ್ತಿಸಿ ಮದ್ದೂರಿಗೆ ಕರೆದೊಯ್ದು, ದೀಪ ಹಚ್ಚುವ ಹೊತ್ತಿನ ತನಕ ಕೂರಿಸಿಕೊಂಡರು. ಮುಂದಿನ ವಾರ ಬಸ್ಸು ಬಂತು.

ಅದೇ ಹೊತ್ತಿಗೆ ನನ್ನ ಗಂಡ ಮಳವಳ್ಳಿಯಲ್ಲಿ ನಾದಿನಿಯ ಮಗಳ ಬೀಗರೂಟದಲ್ಲಿದ್ದ. ಎರಡನೇ ಸಲ ಬಾಡು ಬಡಿಸಿಕೊಳ್ಳುವಾಗ ಯಾರೋ ಪೇಪರ್ ಓದಿ, ನೀನು ಅರೆಸ್ಟಾಗಿದ್ದೀಯ ಅಂದರಂತೆ. ಸಂಜೆ ಬಸ್ಸಿಳಿಯುತ್ತಲೇ ಪಡ್ಡೆ ಹುಡುಗರು ಹಾರ ಹಾಕಿದರು. ಆಗ ಬಾಯಿ ಬಿಡಬಹುದಿತ್ತು. ಪುಣ್ಯಾತ್ಮ ಕತ್ತು ಬಗ್ಗಿಸಿದ. ಆ ಹಾರದ ಮೇಲೆ ಎರಡು ಸಲ ಪಂಚಾಯ್ತಿ ಮೆಂಬರೂ ಆದ.

ನನ್ನ ಸಿಟ್ಟು ಹಾರಕ್ಕಲ್ಲ. ಠಾಣೆಯಿಂದ ಹೊರಗೆ ಬಂದಾಗ ಪುಟ್ಟಮಾದಮ್ಮ ಬಸ್ ಸ್ಟ್ಯಾಂಡಿನಲ್ಲಿ ಪೇಪರ್ ಕೊಂಡು ನನ್ನ ಮುಂದೆ ಹಿಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ.

“ನನ್ನೆಸ್ರು ಬಂದದಾ ನೋಡವ್ವ.”

ಆ ಮುಖ ನೋಡಿ ಇಲ್ಲ ಅನ್ನಲು ನನಗೆ ಆಗಲಿಲ್ಲ. ‘ಮತ್ತಿತರರ’ ಎಂಬಲ್ಲಿ ಬೆರಳಿಟ್ಟು, “ಇಗೋ, ಇಲ್ಲೇ ಅದೆ ಕಣಕ್ಕ” ಅಂದೆ. ಅವಳೂ ಅಲ್ಲೇ ಬೆರಳಿಟ್ಟಳು. ಪೇಪರನ್ನು ಮಡಿಸಿ ಸೆರಗಿನೊಳಗೆ ಇಟ್ಟುಕೊಂಡಳು.

ಹೋದ ಆಷಾಢದಲ್ಲಿ ಪುಟ್ಟಮಾದಮ್ಮ ತೀರಿಕೊಂಡಳು. ತಿಥಿ ಮುಗಿದ ಮೇಲೆ ಅವಳ ಮೊಮ್ಮಗಳು ಅಮೃತ ಟ್ರಂಕಿನಲ್ಲಿದ್ದ ಆ ಪೇಪರ್ ಹಿಡಿದು ನಮ್ಮ ಮನೆಗೆ ಬಂದಳು. “ಮಂಗಳಜ್ಜಿ, ಇದ್ರಲ್ಲಿ ನನ್ನೆಸ್ರದೆ ಅಂತ ಅಜ್ಜಿ ಬಂದೋರ್ಗೆಲ್ಲ ತೋರ್ಸ್ತಿತ್ತು. ಎಲ್ಲಿ ಅದೆ?” ಅಂದಳು. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದವಳು ನಾನು. ನಾಚಿಕೆಯಿಂದ ಅವತ್ತು ಅವಳಿಗೂ ನಿಜ ಹೇಳಲಾಗಲಿಲ್ಲ.

ಅದೇ ವಾರ ಸಂಪಾದಕ ಸಂಪತ್ ಕುಮಾರ್ ಸನ್ಮಾನದ ಆಹ್ವಾನ ಪತ್ರಿಕೆ ಹಿಡಿದು ಬಂದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಬಹಳ ವಿನಯದಿಂದ, “ಈಗ ಅದೆಲ್ಲ ನಗೋದಕ್ಕೆ ಅಲ್ವೇನಮ್ಮ? ಬೇಕಾದ್ರೆ ಒಂದು ಮೂಲೇಲಿ ತಿದ್ದುಪಡಿ ಹಾಕ್ತೀನಿ” ಅಂದರು.

“ನಾವು ಮೂಲೇಲಿ ಕೂತಿರ್ಲಿಲ್ಲ ಸ್ವಾಮಿ, ನಡುರಸ್ತೇಲಿ ಕೂತಿದ್ದೋ” ಅಂದೆ.

ಅವರು ಕಾಫಿ ಕುಡಿದು ಎದ್ದರು. ಶಿವಣ್ಣ, “ಬುಡಮ್ಮಿ, ಒಂದು ಶಾಲು ತಾನೆ” ಅಂದ.

“ನಿಜ ಹೇಳಿ ಹೊದ್ಕಳಿ. ಹೇಳ್ದೆ ಹೊದ್ಕಂಡ್ರೆ ಅದನ್ನೇ ಹಾಸ್ಕಂಡು ಜಗಲೀಲಿ ಮಲೀಕಳಿ.”

ಸಮಾರಂಭದ ದಿನ ಸಭಾಂಗಣ ತುಂಬಿತ್ತು. ಹಳೇ ಹೆಡ್ಡಿಂಗುಗಳನ್ನೆಲ್ಲ ಫ್ಲೆಕ್ಸ್ ಮಾಡಿ ಗೋಡೆಗೆ ಕಟ್ಟಿದ್ದರು. ನಿರೂಪಕ ಎಮ್ಮೆಯದನ್ನು ಓದಿದ, ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಶಿವಣ್ಣನ ಹೆಸರು ಕೂಗಿದರು. ನನ್ನ ಗಂಡ ಮೈಕು ಹಿಡಿದು ಗಂಟಲು ಸರಿಮಾಡಿಕೊಂಡ.

“ನಾನಾವತ್ತು ಅರೆಸ್ಟಾಗಿರ್ಲಿಲ್ಲ ಕಣ್ರಪ್ಪ. ಮಳವಳ್ಳೀಲಿ ಬಾಡೂಟ ಉಣ್ತಾ ಕೂತಿದ್ದೆ.”

ಸಭೆಯೇ ಹೋ ಎಂದು ನಕ್ಕಿತು. ನಿರೂಪಕ, “ಎಂಥಾ ವಿನಯ ನೋಡಿ! ಇಂಥ ಹೋರಾಟಗಾರರು ಈಗ ಎಲ್ಲಿದ್ದಾರೆ?” ಅಂದ. ಚಪ್ಪಾಳೆ ಇನ್ನೂ ಜೋರಾಯಿತು. “ದೇವ್ರಾಣೆಗೂ ಬಾಡೂಟವೇ” ಎಂದು ಶಿವಣ್ಣ ಅಂಗಲಾಚಿದರೂ ಶಾಲು ಹೊದಿಸಿಯೇಬಿಟ್ಟರು. ಪಾಪ, ಅವನು ನನ್ನ ಕಡೆ ನೋಡಿದ.

ನಾನು ಎದ್ದೆ. ಮೆಟ್ಟಿಲು ಹತ್ತುವಾಗಲೇ ‘ಶ್ರೀಮತಿ ಶಿವಣ್ಣನವರು’ ಎಂದು ಯಾರೋ ಹೂಗುಚ್ಛ ಚಾಚಿದರು. ತೆಗೆದುಕೊಳ್ಳಲಿಲ್ಲ. ಒಂದು ಖಾಲಿ ಕುರ್ಚಿಯನ್ನು ವೇದಿಕೆಯ ನಡುಮಧ್ಯಕ್ಕೆ ಎಳೆದು ಕೂತೆ. ಮೈಕು ಕೊಡಲು ಹಿಂದೆಮುಂದೆ ನೋಡಿದರು. ಶಿವಣ್ಣನೇ ಕಿತ್ತು ತಂದು ಕೊಟ್ಟ.

“ನನ್ನೆಸ್ರು ಮಂಗಳಮ್ಮ. ಅವತ್ತು ಅರೆಸ್ಟಾದೋರು ಹನ್ನೊಂದು ಹೆಂಗಸ್ರು. ಇದು ನಗಾಕೆ ಹೇಳ್ತಿಲ್ಲ” ಅಂದೆ. ಈ ಸಲ ಯಾರೂ ನಗಲಿಲ್ಲ. ಪುಟ್ಟಮಾದಮ್ಮನಿಗೆ ನಾನು ಹೇಳಿದ ಸುಳ್ಳನ್ನೂ ಹೇಳಿದೆ. ಮೂರನೇ ಸಾಲಿನಲ್ಲಿ ಕೂತಿದ್ದ ಅಮೃತ ನೆಟ್ಟಗೆ ನನ್ನನ್ನೇ ನೋಡುತ್ತಿದ್ದಳು. ನಾನು ನಿಲ್ಲಿಸಲಿಲ್ಲ.

“ಬರ್ಕಳಿ ಸಂಪತ್ ಕುಮಾರ್ರೇ, ನಾಳೆ ಮೊದ್ಲನೇ ಪುಟಕ್ಕೆ. ಪುಟ್ಟಮಾದಮ್ಮ, ದೇವಿರಮ್ಮ, ಪಟ್ಟಲಮ್ಮ...”

ಅವರು ಬಗ್ಗಿ ನನ್ನ ಕಿವಿಯಲ್ಲಿ, “ಹನ್ನೊಂದು ಹೆಸರು ಒಂದು ಹೆಡ್ಡಿಂಗಲ್ಲಿ ಹಿಡಿಯಲ್ಲಮ್ಮ” ಅಂದರು.

“ಹಿಡೀದಿದ್ರೆ ಪೇಪರ್ ದೊಡ್ದು ಮಾಡಿ” ಅಂದೆ, ಮೈಕಿನಲ್ಲೇ.

ಅವರು ಜೇಬಿನಿಂದ ಪೆನ್ನು ತೆಗೆದರು. ನಾನು ಪುಟ್ಟಮಾದಮ್ಮನಿಂದ ಮತ್ತೆ ಶುರು ಮಾಡಿದೆ.