ಕಾರಣ ಕೇಳುವ ಕಂಪ್ಯೂಟರ್

ದುಭಾಷಿಯ ಕಂಪ್ಯೂಟರ್ ಕೈಕೊಟ್ಟಿತ್ತು. ಇನ್ನೇನು ಆಸ್ಪತ್ರೆಯಿಂದ ಕರೆ ಬರುವುದರಲ್ಲಿತ್ತು. ಆ ಕಡೆ ಒಬ್ಬ ಸರ್ಜನ್, ಮಗುವಿನ ಆಪರೇಷನ್ನಿಗೆ ಒಪ್ಪಿಗೆ ಕೊಡಬೇಕಾದ ಒಬ್ಬ ತಾಯಿ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ನಡುವೆ ಮಾತು ದಾಟಿಸುವ ಇವಳ ದನಿ ಹೋಗದಿದ್ದರೆ ಇವತ್ತು ಆಪರೇಷನ್ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಕೆಲಸಕ್ಕೆ ಕೂತ ಮೊದಲ ದಿನವೇ ಹೀಗಾಗಬೇಕೆ? ಮೈಕಿನ ಮುಂದೆ ಹಲೋ ಹಲೋ ಎಂದು ಗಂಟಲು ಹರಿದುಕೊಂಡಳು. ದನಿ ಬಿದ್ದರೆ ಕುಣಿಯಬೇಕಾದ ಪರದೆಯ ಮೇಲಿನ ಹಸಿರು ಗೆರೆ ಅಲುಗಲಿಲ್ಲ.

ತಮ್ಮನಿಗೆ ಫೋನ್ ಮಾಡಿದಳು. ಕಂಪ್ಯೂಟರನ್ನು ನಡೆಸುವ ಈ ಲಿನಕ್ಸ್ ಹಾಕಿಕೊಟ್ಟವನು ಅವನೇ. ಯಾವ ಸೆಟ್ಟಿಂಗ್ ಬದಲಿಸಿದರೂ ಕಾರಣ ಕೇಳಿ ನೆನಪಿಟ್ಟುಕೊಳ್ಳುವ ಪ್ರೋಗ್ರಾಮನ್ನು ಗಂಟುಹಾಕಿದವನೂ ಅವನೇ. ಕಾರಣ ಬರೆಯದೆ ಅದು ಜಪ್ಪಯ್ಯ ಅಂದರೂ ಮುಂದಕ್ಕೆ ಬಿಡುತ್ತಿರಲಿಲ್ಲ.

"ಕೊನೇ ಸಲ ಏನೇನು ಬದಲಿಸಿದ್ದೆ, ಕಾರಣ ಓದು ಅಕ್ಕ."

"ಸುಮ್ಮನೆ. ಸುಮ್ಮನೆ. ಮತ್ತೆ ಸುಮ್ಮನೆ. ಎಲ್ಲಾ ಒಂದೇ ಸಂಜೆ ಕಣೋ."

"ಯಾವ ಸಂಜೆ?"

"ಅಪ್ಪ ತೀರಿಕೊಂಡ ವಾರದ್ದು," ಎಂದಳು. ಅಪ್ಪ ಇದೇ ಕುರ್ಚಿಯಲ್ಲಿ ಕೂತು ಸುದ್ದಿ ಓದುತ್ತಿದ್ದರು. ಕಣ್ಣು ಮಂಜೆಂದು ದಪ್ಪ ಅಕ್ಷರ, ಕಿವಿ ಮಂದವೆಂದು ಜೋರು ಸದ್ದು, ಎಲ್ಲ ಅವಳೇ ಹೊಂದಿಸಿಕೊಟ್ಟದ್ದು. ಅವರು ತೀರಿಕೊಂಡ ಮೇಲೆ ಅವನ್ನು ನೋಡಲಾರದೆ ಒಂದೂ ಉಳಿಯದಂತೆ ಕಿತ್ತುಹಾಕಿದ್ದಳು. ಸದ್ದಿನ ಜೊತೆ ಮೈಕೂ ಹೋಯಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ತಮ್ಮನಿಗೆ ಅರ್ಥವಾಯಿತು. "ಆ ಸಂಜೆಗಿಂತ ಹಿಂದಿನ ಸೆಟ್ಟಿಂಗಿಗೆ ಹೋಗೋಣ. ಎಲ್ಲಾ ವಾಪಸ್ ಬರುತ್ತೆ."

"ಎಲ್ಲಾ ಬೇಡ ಕಣೋ. ಮೈಕ್ ಒಂದು ಸಾಕು."

"ಒಂದೊಂದೇ ಬಿಚ್ಚಿ ನೋಡೋಕೆ ಹೊತ್ತಿದೆಯಾ?"

ಇರಲಿಲ್ಲ. ಅವನು ಹೇಳಿದ ಕಮಾಂಡನ್ನು ಟೈಪ್ ಮಾಡಿ ಯಂತ್ರವನ್ನು ಮತ್ತೆ ಶುರುಮಾಡಿದಳು. ಪರದೆ ಕಪ್ಪಾಯಿತು. ಇದೂ ಹೋಯಿತಲ್ಲಪ್ಪ ಎಂದುಕೊಂಡಳು. ಆಮೇಲೆ ಅಕ್ಷರಗಳು ಬಂದವು, ಒಂದೊಂದೂ ಬಿಸ್ಕತ್ತಿನಷ್ಟು ದಪ್ಪ. ಅಪ್ಪ ಈಗಷ್ಟೇ ನೀರು ಕುಡಿಯಲು ಎದ್ದು ಹೋದಂತಿತ್ತು.

ಹಸಿರು ಗೆರೆ ಜಿಗಿಯಿತು. ಅವಳು ಬಿಕ್ಕಿದ್ದು ಮೈಕಿಗೆ ಕೇಳಿತ್ತು.

ಅಷ್ಟರಲ್ಲಿ ಕರೆ ಬಂತು, ಪಕ್ಕದ ಮನೆಗೂ ಕೇಳುವಷ್ಟು ಜೋರಾಗಿ. ಮೂಗು ಒರೆಸಿಕೊಂಡು ಕೂತಳು. ಸರ್ಜನ್ ಹೇಳಿದ್ದನ್ನು ತಾಯಿಗೆ, ತಾಯಿ ಕೇಳಿದ್ದನ್ನು ಸರ್ಜನ್‌ಗೆ ದಾಟಿಸಿದಳು. ಕೊನೆಗೆ ಆ ತಾಯಿ, "ಆಗಲಿ, ಮಾಡಿ" ಎಂದಳು.

ಕರೆ ಮುಗಿದ ಮೇಲೆ ತಮ್ಮ ಮತ್ತೆ ಫೋನ್ ಮಾಡಿ ಕೇಳಿದ, "ಅಕ್ಷರ ಚಿಕ್ಕದು ಮಾಡಿಕೊಡ್ಲಾ?"

"ಬೇಡ, ಇರಲಿ."

ಹೀಗೇ ಉಳಿಸು ಎಂದು ಒತ್ತಿದ್ದೇ ತಡ, ಪ್ರೋಗ್ರಾಮ್ ಎಂದಿನಂತೆ ಕಾರಣ ಕೇಳಿತು. ಅವಳು 'ಸು' ಎಂದು ಬರೆದು ಅಳಿಸಿದಳು. ಆಮೇಲೆ ಬರೆದಳು: 'ಅಪ್ಪ ಓದುತ್ತಿದ್ದರು.'