ಏಳು ಗೇಟು ದಾಟುವ ಗಾಡಿ

ಮಗುಚಿದ್ದ ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ನಿಲ್ಲಿಸಿದೆ. ಸೀಟ್ ಬೆಲ್ಟ್ ಸೀಟಿನ ಹಿಂದೆ ತೆಪ್ಪಗೆ ಬಿದ್ದಿತ್ತು. ಅದು ಕೂರಬೇಕಾದ ಬಕಲಿನೊಳಗೆ, ಯಾವುದೋ ಹಳೆ ಕಾರಿನ ಬೆಲ್ಟಿನಿಂದ ಕತ್ತರಿಸಿದ ಕಬ್ಬಿಣದ ನಾಲಿಗೆಯೊಂದನ್ನು ಸಿಕ್ಕಿಸಿದ್ದರು. ನನ್ನ ಮೈಯೆಲ್ಲ ಉರಿದುಹೋಯಿತು.

ಇದು ಇಬ್ಬರು ಪಕ್ಕಪಕ್ಕ ಕೂರುವ, ಹಿಂದೆ ಸಾಮಾನಿಗೆ ತೊಟ್ಟಿಯಿರುವ, ದಪ್ಪ ಚಕ್ರದ ಹೊಲದ ಗಾಡಿ. ಕಲ್ಲು, ಕೊರಕಲು ಯಾವುದಕ್ಕೂ ಜಗ್ಗುವುದಿಲ್ಲ. ಬೆಲ್ಟ್ ಹಾಕದಿದ್ದರೆ ಮಾತ್ರ ಕಿವಿ ತೂತಾಗುವ ಹಾಗೆ ಅರಚುತ್ತ ಆಮೆಯ ಹಾಗೆ ತೆವಳುತ್ತದೆ. ಮಂಡಿ ಕೆಟ್ಟ ಮೇಲೆ ಅಪ್ಪ ಮೇಲಿನ ಹೊಲದ ಕುರಿಗಳ ಹತ್ತಿರ ಹೋಗುವುದೇ ನಿಂತಿತ್ತು, ಅವನಿಗಾಗಿಯೇ ಇದನ್ನು ತಂದದ್ದು. ಎರಡು ತಿಂಗಳಿಂದ ಆ ಅರಚಾಟ ಕೇಳಿಸಿರಲಿಲ್ಲ. ಅಂತೂ ಅಪ್ಪ ಬೆಲ್ಟ್ ಹಾಕುವುದನ್ನು ಕಲಿತ ಎಂದು ನಾನು, ಪೆದ್ದಿ, ಖುಷಿಪಟ್ಟಿದ್ದೆ. ಇವತ್ತು ಬೆಳಿಗ್ಗೆ ನಾಲ್ಕನೆಯ ಗೇಟಿನ ಆಚೆ ಗಾಡಿ ಕಾಲುವೆಯ ಬದಿಗೆ ಮಗುಚಿ, ಅಪ್ಪ ಹೊರಗೆ ಹಾರಿಬಿದ್ದ. ಹೆಗಲಿನ ಮೂಳೆ, ಎರಡು ಪಕ್ಕೆಲುಬು ಮುರಿದವು. ಗಾಡಿಗೆ ಒಂದು ಗೀರು.

ಹಳೆ ಕಾರಿನ ಬೆಲ್ಟ್ ಯಾರ ಹತ್ತಿರ ಇರುತ್ತದೆ ಎಂದು ಯೋಚಿಸಬೇಕಾಗಿರಲಿಲ್ಲ. ನನ್ನ ತಮ್ಮ ವೆಲ್ಡರ್, ಅವನ ಶೆಡ್ಡಿನ ತುಂಬ ಗುಜರಿ. ನೇರ ಅಲ್ಲಿಗೇ ಹೋದೆ. ನನ್ನ ಕೈಯಲ್ಲಿದ್ದ ಆ ನಾಲಿಗೆಯನ್ನು ಕಂಡವನೇ ವೆಲ್ಡಿಂಗ್ ನಿಲ್ಲಿಸಿ, ನಾನು ಕೇಳುವ ಮೊದಲೇ "ನಾನೇನು ಬೇಕಂತ ಮಾಡ್ಲಿಲ್ಲ" ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಅದನ್ನು ಅವನ ಮೇಜಿಗೆ ಎಸೆದೆ. "ಅಪ್ಪ ಸತ್ತೇಹೋಗಿದ್ರೆ ಏನೋ ಮಾಡ್ತಿದ್ದೆ? ಗೋರಿಗೆ ವೆಲ್ಡಿಂಗ್ ಹಾಕ್ತಿದ್ಯಾ?"

"ಅಪ್ಪಾನೇ ಕೇಳ್ದ, ಕೊಯ್ದು ಕೊಟ್ಟೆ."

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋನು ನೀನು! ಯಾಕೆ ಅಂತ ಕೇಳೋಕೆ ಬಾಯಿರ್ಲಿಲ್ವಾ?"

"ಕೇಳ್ದೆ." ವೆಲ್ಡಿಂಗ್ ಮುಖಗವಸು ತೆಗೆದು ನನ್ನನ್ನು ದಿಟ್ಟಿಸಿದ. "ಅಕ್ಕಾ, ದಿನಾ ಒಂದೇ ಮನೇಲಿ ಇರ್ತೀಯ. ಅಪ್ಪನ ಹೆಬ್ಬೆರಳು ಯಾವತ್ತಾದ್ರೂ ನೋಡಿದ್ಯಾ?"

ಆ ಪ್ರಶ್ನೆಗೆ ಇನ್ನಷ್ಟು ರೇಗಿತು. ಸೀದಾ ಆಸ್ಪತ್ರೆಗೆ ಹೊರಟೆ.

ಆಸ್ಪತ್ರೆಯಲ್ಲಿ ಅಪ್ಪ ಎಡಗೈಯನ್ನು ಎದೆಗೆ ಕಟ್ಟಿಸಿಕೊಂಡು ಮಲಗಿದ್ದ. ಬಲಗೈ ಹೊದಿಕೆಯ ಮೇಲಿತ್ತು. ನೋಡಿದೆ. ಹೆಬ್ಬೆರಳು ಬುಡದಲ್ಲಿ ಊದಿ, ಸೊಟ್ಟಗಾಗಿತ್ತು.

"ಬೆಲ್ಟ್ ಹಾಕೋಕಾಗುತ್ತೆ," ಎಂದ. "ಬಿಚ್ಚೋ ಗುಂಡಿ ಒತ್ತೋಕಾಗಲ್ಲ, ಎಡಗೈದೂ ಹೀಗೇ. ಏಳು ಗೇಟು ಹಾಕ್ಸಿದ್ದೀಯ. ತೆಗ್ಯೋಕೊಂದು ಸಲ ಇಳೀಬೇಕು, ಮುಚ್ಚೋಕೊಂದು ಸಲ. ಹೋಗ್ತಾ ಹದಿನಾಲ್ಕು, ಬರ್ತಾ ಹದಿನಾಲ್ಕು. ಒಂದ್ಸಲ ಮುಚ್ಚದೆ ಬಂದೆ ಅಂತ ಆಳುಗಳೆದುರೇ ನನ್ನ ನೀರಿಳಿಸಿದ್ಯಲ್ಲ, ಮರ್ತೆಯಾ?"

ಮರೆತಿರಲಿಲ್ಲ. ಕುರಿಗಳು ಒಂದೊಂದೇ ಹುಲ್ಲುಪಟ್ಟಿಯಲ್ಲಿ ಸರದಿಯಂತೆ ಮೇಯಲಿ ಎಂದು ಆ ಗೇಟುಗಳನ್ನು ಹಾಕಿಸಿದವಳು ನಾನು. ಅವತ್ತು ಗೇಟು ತೆರೆದಿದ್ದು ಮಂದೆಯೆಲ್ಲ ಕಲೆಸಿಹೋಗಿತ್ತು, ಬಾಯಿಗೆ ಬಂದದ್ದನ್ನು ಅಂದಿದ್ದೆ.

"ಬೆರಳು ನೋಯುತ್ತೆ ಅಂತ ನಂಗೊಂದು ಮಾತು ಹೇಳಬಾರ್ದಿತ್ತಾ?" ನನ್ನ ದನಿ ಏರಿತು. ಪಕ್ಕದ ಮಂಚದವರು ತಿರುಗಿ ನೋಡಿದರು.

"ಹೇಳಿದ್ರೆ ನೀನು ಗಾಡಿ ಕೀಲಿ ಕಿತ್ಕೊತಿದ್ದೆ. ನಾನು ಮತ್ತೆ ಜಗಲಿ ಮೇಲೆ ಕೂತು ಕುರಿ ಎಣಿಸ್ಬೇಕಿತ್ತು, ದೂರದಿಂದ."

"ನಾನೇನು ಅಂಥೋಳಾ?"

ಅಪ್ಪ ಆ ಸೊಟ್ಟ ಬೆರಳಿನ ಕೈಯನ್ನು ನನ್ನ ಮುಂದೆ ಚಾಚಿದ. "ಹಾಗಾದ್ರೆ ಕೊಡು."

ಕೀಲಿ ನನ್ನ ಜೇಬಿನಲ್ಲಿತ್ತು. ಗಾಡಿ ಎತ್ತಿ ನಿಲ್ಲಿಸಿದ ಕೂಡಲೇ ಕಿತ್ತುಕೊಂಡಿದ್ದೆ, ಇನ್ನು ಅವನಿಗೆ ಕೊಡಬಾರದೆಂದು.